ಆಸ್ಟ್ರೇಲಿಯಾ ಸ್ಕಿಲ್ಡ್ ವೀಸಾ ರಿಜೆಕ್ಟ್ ಆಯ್ತಾ? ಅಪೀಲ್‌ಗೆ ದುಡ್ಡು ಕಟ್ಟೋ ಮೊದಲು ಇಷ್ಟು ನೋಡಿ

ವೀಸಾ ತಿರಸ್ಕೃತವಾದರೆ ಮೊದಲು ಇಲಾಖೆಯ ಪತ್ರವನ್ನು ಪೂರ್ತಿ ಓದಿ. ಅಪೀಲ್‌ಗೆ ಅವಕಾಶ ಇದೆಯೋ ಇಲ್ಲವೋ ಅದರಲ್ಲೇ ಬರೆದಿರುತ್ತೆ.

ಯಾರಿಗೆ ಅವಕಾಶ?: 189 ವೀಸಾಗೆ ಭಾರತದಲ್ಲಿದ್ದುಕೊಂಡು ಅರ್ಜಿ ಹಾಕಿದವರಿಗೆ ಅಪೀಲ್ ಹಕ್ಕಿಲ್ಲ. ಆಸ್ಟ್ರೇಲಿಯಾದಲ್ಲಿದ್ದು ಹಾಕಿದವರು ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್‌ಗೆ ಹೋಗಬಹುದು. 2024ರ ಅಕ್ಟೋಬರ್ 14ರಿಂದ ಹಳೇ ಎಎಟಿ ಬದಲು ಇದು ಬಂದಿದೆ.

ಗಡುವು: ಸಾಮಾನ್ಯವಾಗಿ 28 ದಿನ. ತಪ್ಪಿದರೆ ವಿಸ್ತರಣೆ ಇಲ್ಲ.

ಶುಲ್ಕ: 3,000 ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು. ಗೆದ್ದರೆ ಅರ್ಧ ವಾಪಸ್.

ಯಾವಾಗ ಅಪೀಲ್ ಮಾಡಬೇಕು?: ಅಧಿಕಾರಿ ದಾಖಲೆ ಸರಿಯಾಗಿ ನೋಡಿಲ್ಲ ಅಂದ್ರೆ, ಅಥವಾ ಆಗ ಕೊಡದ ಅನುಭವ ಪತ್ರದಂಥ ಪುರಾವೆ ಈಗ ಕೈಯಲ್ಲಿದ್ದರೆ. ಟ್ರಿಬ್ಯೂನಲ್ ಇಡೀ ಕೇಸನ್ನು ಹೊಸದಾಗಿ ಪರಿಶೀಲಿಸುತ್ತೆ.

ಯಾವಾಗ ಬೇಡ?: ಆಹ್ವಾನ ಬಂದ ದಿನವೇ ಅಂಕ ಕಮ್ಮಿ ಇದ್ದರೆ, ಆಮೇಲೆ ಗಳಿಸಿದ ಅಂಕ ಲೆಕ್ಕಕ್ಕೆ ಬರಲ್ಲ. ಹೊಸ ಅರ್ಜಿಯೇ ವಾಸಿ. ಆದರೆ ಅಲ್ಲಿದ್ದುಕೊಂಡೇ ಮತ್ತೆ ಹಾಕಲು ಸೆಕ್ಷನ್ 48 ಅಡ್ಡ ಬರಬಹುದು, ವಿಚಾರಿಸಿ.

ಎಚ್ಚರ: ಸುಳ್ಳು ದಾಖಲೆ ಕಾರಣಕ್ಕೆ (ನಿಯಮ 4020) ರಿಜೆಕ್ಟ್ ಆಗಿದ್ದರೆ ಸುಮ್ಮನೆ ಕೂರಬೇಡಿ. ಮುಂದಿನ 3 ವರ್ಷ ಬೇರೆ ಹೆಚ್ಚಿನ ವೀಸಾಗಳಿಗೂ ಅದು ತೊಡಕಾಗುತ್ತೆ.

‘ಗ್ಯಾರಂಟಿ ಗೆಲ್ಲಿಸ್ತೀವಿ’ ಅನ್ನೋ ಏಜೆಂಟರ ಬಳಿ ಮೊದಲು ಆಸ್ಟ್ರೇಲಿಯಾದ ನೋಂದಣಿ ಸಂಖ್ಯೆ ಕೇಳಿ. ದುಡ್ಡಿನ ಮಾತು ಆಮೇಲೆ.