ಕಂಬಿ ಎಲ್ಲಿರಬೇಕು?

ಕಟ್ಟಡದ ನಕ್ಷೆಯಲ್ಲಿ '10 # @ 150 ಸಿ/ಸಿ' ಎಂಬ ಬರಹವನ್ನು ನೀವು ಗಮನಿಸಿದ್ದೀರಾ? 10 ಮಿಲಿಮೀಟರ್ ವ್ಯಾಸದ ಕಂಬಿಗಳನ್ನು ಮಧ್ಯದಿಂದ ಮಧ್ಯಕ್ಕೆ 150 ಮಿಲಿಮೀಟರ್ ಅಂತರದಲ್ಲಿ ಇಡಬೇಕು ಎಂದು ಇದರ ಅರ್ಥ. ಭಾರತೀಯ ಮಾನಕ ಬ್ಯೂರೋದ 1987ರ ಕೈಪಿಡಿಯಂತೆ '#' ಏಣುಳ್ಳ ಕಂಬಿಯನ್ನೂ 'φ' ನುಣುಪಾದ ದುಂಡು ಕಂಬಿಯನ್ನೂ ಸೂಚಿಸುತ್ತವೆ.

ಆದರೆ ಕಂಬಿ ಎಲ್ಲಿರಬೇಕು? ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ 1867ರಲ್ಲಿ ಕಬ್ಬಿಣದ ಜಾಲರಿಯುಳ್ಳ ಸಿಮೆಂಟ್ ತೊಟ್ಟಿಗಳಿಗೆ ಪೇಟೆಂಟ್ ಪಡೆದದ್ದು ಅನುಭವದ ಬಲದಿಂದ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತಕ್ಕೆ ಬಿರಿಯುತ್ತದೆ. ಆದ್ದರಿಂದ ಕಬ್ಬಿಣವು ಎಳೆತವಿರುವ ಕಡೆಗೇ ಇರಬೇಕೆಂದು 1886ರಲ್ಲಿ ಜರ್ಮನಿಯ ಎಂಜಿನಿಯರ್ ಮಥಿಯಾಸ್ ಕೊನೆನ್ ಲೆಕ್ಕಸಹಿತ ತೋರಿಸಿದರು.

ಎರಡು ಗೋಡೆಗಳ ಮೇಲೆ ಕುಳಿತ ಚಾವಣಿಯಲ್ಲಿ ಎಳೆತ ಕೆಳಮೈಯಲ್ಲಿರುತ್ತದೆ. ಹೊರಚಾಚಿದ ಸಜ್ಜದಲ್ಲಿ ಮೇಲ್ಮೈಯಲ್ಲಿ. ಈ ಸೂಚನೆಯನ್ನು ತಪ್ಪಾಗಿ ಓದಿದರೆ, ಕಂಬಿಯಿದ್ದೂ ಸಜ್ಜ ಮುರಿದು ಬಿದ್ದೀತು. ಕಾಂಕ್ರೀಟು ಸುರಿಯುವ ಮುನ್ನವೇ ನಕ್ಷೆಯೊಡನೆ ತಾಳೆ ನೋಡಿ. ಆಮೇಲೆ ಕಂಬಿ ಕಾಣದು.