ಸರಪಳಿ ಹಿಡಿದು ಬಂದ ಸರ್ಕಾರ



ಹಿಂದೂಪುರದ ಸಂತೆಯಲ್ಲೋ ಕಲ್ಯಾಣದುರ್ಗದ ಬಸ್ ನಿಲ್ದಾಣದಲ್ಲೋ ಇಬ್ಬರು ರೈತರು ಹೊಲದ ಮಾತು ತೆಗೆದರೆ, ಅವರು ಗಡಿಯ ಯಾವ ಕಡೆಯವರೆಂದು ಭಾಷೆಯಿಂದ ತಿಳಿಯುವುದು ಕಷ್ಟ. ಇಬ್ಬರಿಗೂ ಎರಡೂ ಭಾಷೆ ಬರುತ್ತವೆ. ಆದರೆ ಒಬ್ಬರು "ಮೂರೆಕರೆ ಇಪ್ಪತ್ತು ಗುಂಟೆ" ಎಂದು, ಇನ್ನೊಬ್ಬರು "ಮೂರೆಕರೆ ಐವತ್ತು ಸೆಂಟು" ಎಂದಾಗ ಗುಟ್ಟು ಬಯಲಾಗುತ್ತದೆ. ಗುಂಟೆ ಎಂದವರು ಪಾವಗಡ, ಮಧುಗಿರಿ, ಗೌರಿಬಿದನೂರು ಕಡೆಯವರು. ಸೆಂಟು ಎಂದವರು ಈ ಕಡೆಯವರು. ಲೆಕ್ಕ ಹಾಕಿ ನೋಡಿದರೆ ಎರಡೂ ಒಂದೇ, ಮೂರೂವರೆ ಎಕರೆ.

ಒಂದೇ ನೆಲಕ್ಕೆ ಎರಡು ಅಳತೆ ಬಂದದ್ದು ಹೇಗೆ? ಈ ಅಳತೆಯ ಕಾಗದದಲ್ಲಿ ಯಾರ ಹೆಸರು ಸೇರಿತು, ಯಾರ ಹೆಸರು ಬಿಟ್ಟುಹೋಯಿತು? ಇದನ್ನು ಇವತ್ತು ಸ್ವಲ್ಪ ನೋಡೋಣ.

ಅಳತೆ ನಮಗೆ ಹೊಸದೇನಲ್ಲ. ಮಡಕಶಿರಾ ಸೀಮೆಯ ಹೇಮಾವತಿ ನೊಳಂಬ ಅರಸರ ರಾಜಧಾನಿಯಾಗಿದ್ದ ಊರು. ಆ ಕಾಲದ ಕನ್ನಡ ಶಾಸನಗಳಲ್ಲಿ ಮತ್ತರು, ಕಂಡುಗ ಎಂಬ ಭೂಮಾನಗಳು ಬರುತ್ತವೆ. ಕಂಡುಗ ಎಂದರೆ ಅಷ್ಟು ಬೀಜ ಬಿತ್ತಬಹುದಾದ ನೆಲ. ಮಣ್ಣು ಬೇರೆಯಾದರೆ ಕಂಡುಗದ ಹರವೂ ಬೇರೆಯಾಗುತ್ತಿತ್ತು. ಊರಿನವರಿಗೆ ಇದು ಸಾಕಾಗಿತ್ತು. ದೂರದಲ್ಲಿ ಕುಳಿತು ಲೆಕ್ಕ ಕೇಳುವ ಸರ್ಕಾರಕ್ಕೆ ಸಾಕಾಗಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಈ ಸೀಮೆಯ ಬಹುಭಾಗ ಹೈದರಾಬಾದಿನ ನಿಜಾಮನ ಪಾಲಿಗೆ ಹೋಯಿತು. ಮರುವರ್ಷವೇ, 1800ರಲ್ಲಿ, ಇಂಗ್ಲಿಷ್ ಸೈನ್ಯದ ಖರ್ಚಿಗೆಂದು ನಿಜಾಮ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. 'ದತ್ತ ಮಂಡಲ' ಎಂಬ ಹೆಸರು ಹುಟ್ಟಿದ್ದು ಹೀಗೆ. ಇದರ ಮುಖ್ಯ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಬಾರಾಮಹಲ್‌ನಲ್ಲಿಯೂ ಕನ್ನಡ ಕರಾವಳಿಯಲ್ಲಿಯೂ ಕಂದಾಯದ ಕೆಲಸ ಮಾಡಿ ಪಳಗಿದ್ದವನು. ಬಂದಾಗ ಇಲ್ಲಿ ಸುಮಾರು 80 ಪಾಳೆಯಗಾರರಿದ್ದರು. ಯುದ್ಧ, ಲೂಟಿ, ಬರಗಳಿಂದ ಎಷ್ಟೋ ಹೊಲ ಬೀಳುಬಿದ್ದಿತ್ತು. ಮನ್ರೋ ಮೊದಲು ಪಾಳೆಯಗಾರರನ್ನು ಮಣಿಸಿದ, ಆಮೇಲೆ ನೆಲ ಅಳೆಸಿದ.

ಮೋಜಣಿ ಶುರುವಾದದ್ದು 1802ರಲ್ಲಿ. ಆಗ ಭೂಮಿ ಅಳೆಯಲು ಬಲ್ಲ ಗುಮಾಸ್ತರು ಇಡೀ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರು ಇತರರಿಗೆ ಕಲಿಸಿ ಕೆಲಸ ಹಬ್ಬಿಸಿದರು. ಅಳತೆಗೆ ಹಿಡಿದದ್ದು 33 ಅಡಿಯ ಸರಪಳಿ. ಆ ಸರಪಳಿಯ ಉದ್ದ, ಅಷ್ಟೇ ಅಗಲದ ಚೌಕ ಒಂದು ಗುಂಟೆ. ಅಂಥ 40 ಸೇರಿದರೆ ಒಂದು ಎಕರೆ. ನೋಡಿ, ಗುಂಟೆಯ ಲೆಕ್ಕ ಒಂದು ಕಾಲಕ್ಕೆ ಈ ಕಡೆಯೂ ಇತ್ತು! 1858ರಲ್ಲಿ ಮದ್ರಾಸ್ ಸರ್ಕಾರ ಬೇರೆಯದೇ ಸರ್ವೆ ಇಲಾಖೆ ತೆರೆದ ಮೇಲೆ ಎಕರೆಯನ್ನು ನೂರು ಭಾಗ ಮಾಡುವ ಸೆಂಟಿನ ಲೆಕ್ಕ ನೆಲೆಯಾಯಿತು. ಅತ್ತ ಮೈಸೂರಿನಲ್ಲಿ 1863ರಿಂದ ಮುಂಬಯಿ ಪದ್ಧತಿಯ ಮೋಜಣಿ ನಡೆದು ಗುಂಟೆ ಉಳಿಯಿತು. ಗಡಿ ಎಂಬುದು ನಮ್ಮ ಹೊಲಗಳ ಮೇಲೆ ಹಾದುಹೋದದ್ದು ಹೀಗೂ ಒಂದು ಬಗೆ.

ಅಳತೆ, ದರ ಕಟ್ಟುವ ಕೆಲಸಕ್ಕೆ ಇಂಗ್ಲಿಷರು 'ಸೆಟಲ್‌ಮೆಂಟ್' ಎಂದರು. ಈ ಮಾತಿಗೆ ಅವರ ಬಾಯಲ್ಲಿ ಎರಡು ಅರ್ಥ. ನಮ್ಮಲ್ಲಿ ಜಮಾಬಂದಿ, ಕಂದಾಯ ಗೊತ್ತುಮಾಡುವುದು. ಕಡಲಾಚೆಯ ದೇಶಗಳಲ್ಲಿ ಹೊರಗಿನಿಂದ ಜನ ತಂದು ನೆಲೆಗೊಳಿಸುವುದು. ಅಮೆರಿಕದಲ್ಲಿ 1785ರ ಕಾನೂನಿನ ಪ್ರಕಾರ ನೆಲವನ್ನು ಆರು ಮೈಲಿಯ ಚೌಕಗಳಾಗಿ, ಅದರೊಳಗೆ 640 ಎಕರೆಯ ತುಂಡುಗಳಾಗಿ ಕೊಯ್ದು ಮಾರಿದರು. ಅಲ್ಲಿ ಮೊದಲೇ ಬಾಳುತ್ತಿದ್ದ ಮೂಲನಿವಾಸಿಗಳು ಆ ನಕ್ಷೆಯಲ್ಲಿ ಕಾಣಲಿಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಗಾಯ್ಡರ್ ಎಂಬ ಸರ್ವೆ ಮುಖ್ಯಾಧಿಕಾರಿ 1865ರಲ್ಲಿ ಗೆರೆಯೊಂದನ್ನು ಗುರುತಿಸಿದ. ಅದರಾಚೆ ಮಳೆ ನಂಬಲಾಗದು, ಬೇಸಾಯಕ್ಕೆ ಇಳಿಯಬೇಡಿ ಎಂಬುದು ಅದರ ತಾತ್ಪರ್ಯ. ನಾಲ್ಕು ವರ್ಷ ಮಳೆ ಚೆನ್ನಾಗಿ ಬಂದಾಗ ಜನ ಗೆರೆ ದಾಟಿ ಗೋಧಿ ಬಿತ್ತಿದರು. 1880ರ ದಶಕದ ಬರ ಅವರನ್ನು ಮನೆ ಬಿಡಿಸಿತು.

ಕಲ್ಯಾಣದುರ್ಗದ ರೈತನಿಗೆ ಈ ಕಥೆ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಅಂಥ ಗೆರೆ ಎಳೆಯಲಿಲ್ಲ ಅಷ್ಟೆ. ಇಲ್ಲಿ ಹೊರಗಿನ ಜನರನ್ನು ತಂದು ಕೂರಿಸಲಿಲ್ಲ ಎಂಬುದೂ ನಿಜ. ಆದರೆ ಬೀಳು ನೆಲ ಉಳಿಸಬೇಕು, ಉತ್ತರೆ ಕಂದಾಯ ಬರಬೇಕು ಎಂಬ ಆಸೆ ಎರಡು ಕಡೆಯೂ ಒಂದೇ.

ಮನ್ರೋಗೆ ಇಲ್ಲಿನ ಕಷ್ಟ ತಿಳಿದಿತ್ತು. ಮೋಜಣಿಯ ದರ ಬೆಳೆಯ ನೂರಕ್ಕೆ ಸುಮಾರು 45 ಪಾಲು ಆಗುತ್ತದೆ, ಅದು ಮೂರರಲ್ಲೊಂದು ಪಾಲಿಗೆ ಇಳಿಯಬೇಕು ಎಂದು 1807ರಲ್ಲಿ ಬರೆದ. ದರವನ್ನು ಕಾಲುಭಾಗ ತಗ್ಗಿಸಿ, ಬೇಕಾದಷ್ಟು ನೆಲ ಹಿಡಿಯಲು, ಬೇಡವಾದದ್ದನ್ನು ಬಿಡಲು ರೈತನಿಗೆ ಸ್ವಾತಂತ್ರ್ಯ ಕೊಡಿ ಎಂದ. ಮೇಲಿನವರು ಒಪ್ಪಲಿಲ್ಲ. ಅವನು ಊರಿಗೆ ಹೋದ ಮೇಲೆ ಮೊದಲು ಮೂರು ವರ್ಷ, ಆಮೇಲೆ ಹತ್ತು ವರ್ಷ ಊರೂರನ್ನೇ ಗುತ್ತಿಗೆಗೆ ಕೊಟ್ಟು ನೋಡಿದರು. ಅದು ಫಲಿಸಲಿಲ್ಲ. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರಾಗಿ ಬಂದ ಮೇಲೆಯೇ ದರ ಇಳಿದದ್ದು. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ಅವನು ತೀರಿಕೊಂಡ. ಈ ಸೀಮೆಯವರು ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರೆಂಬ ಮಾತು ಇಂದಿಗೂ ಇದೆ.

ಪಾಳೆಯಗಾರನ ಮರ್ಜಿಗೆ ಬದಲು ರೈತನ ಕೈಗೆ ಪಟ್ಟಾ ಬಂತು, ಇಂತಿಷ್ಟೇ ಎಂಬ ಲೆಕ್ಕ ಬಂತು. ಇದು ಸಣ್ಣ ಉಪಕಾರವಲ್ಲ. ಬೀಳು ನೆಲ ಬೇಕಾದವರು ದರಖಾಸ್ತು ಹಾಕುತ್ತಿದ್ದರು. ಮಳೆ ಕೈಕೊಟ್ಟರೆ ರಾಜೀನಾಮೆ ಬರೆದು ಬಿಡುತ್ತಿದ್ದರು. ಈಗ ನೌಕರಿ ಬಿಡುವುದಕ್ಕೆ ಬಳಸುವ ರಾಜೀನಾಮೆ ಎಂಬ ಪದ ಆಗ ಹೊಲ ಬಿಡುವುದಕ್ಕೂ ಸಲ್ಲುತ್ತಿತ್ತು. ಆದರೆ ಕಂದಾಯ ಕೇಳುವುದು ಹಣದಲ್ಲಿ, ಮಳೆ ಬರುವುದು ತನ್ನಿಷ್ಟದಲ್ಲಿ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಪಟ್ಟಾ ಇದ್ದವರೂ ಇಲ್ಲದವರೂ ಗಂಜಿ ಕೇಂದ್ರದ ಮುಂದೆ ಒಟ್ಟಿಗೇ ನಿಂತರು.

ಇನ್ನೊಂದು ಮಾತು ಮುಖ್ಯವಾದದ್ದು. ಸರ್ಕಾರದ ಕಾಗದದಲ್ಲಿ ಬಂಜರು ಎಂದು ಬರೆದದ್ದೆಲ್ಲ ಊರಿನ ಕಣ್ಣಿಗೆ ಬಂಜರಾಗಿರಲಿಲ್ಲ. ಅಲ್ಲಿ ಕುರುಬರ ಮಂದೆ ಮೇಯುತ್ತಿತ್ತು. ಬಡವರು ಸೌದೆ ಆರಿಸುತ್ತಿದ್ದರು. ಪಟ್ಟಾ ಇಲ್ಲದವನು ಒಂದಿಷ್ಟು ಕಡೆ ಹುರುಳಿ ಚೆಲ್ಲಿಕೊಳ್ಳುತ್ತಿದ್ದ. ಇದಕ್ಕೆಲ್ಲ ಹಕ್ಕು ಇತ್ತು, ಕಾಗದ ಇರಲಿಲ್ಲ. ಅಳೆಯಲು ಬಂದವರು ಕರಣಂ ಅಥವಾ ಶಾನುಭೋಗರನ್ನು, ರೆಡ್ಡಿ ಗೌಡರನ್ನು ಕೇಳಿ ಬರೆದುಕೊಂಡರು. ಮಂದೆ ಹೊಡೆದುಕೊಂಡು ದೂರ ಹೋದವನನ್ನು ಯಾರು ಕೇಳುತ್ತಾರೆ?

ಹೀಗೆ ಹೆಸರು ಗೊತ್ತಾಗದ ಕಡೆ ಸೆಟಲ್‌ಮೆಂಟ್ ರಿಜಿಸ್ಟರಿನ ಪಟ್ಟಾದಾರರ ಅಂಕಣದಲ್ಲಿ ಬರೀ ಚುಕ್ಕೆಗಳನ್ನು ಇಟ್ಟರು. ತೆಲುಗಿನಲ್ಲಿ 'ಚುಕ್ಕಲ ಭೂಮುಲು' ಎನ್ನುವುದು ಇವನ್ನೇ. ತಲೆಮಾರುಗಳು ಉತ್ತವು, ಬಾವಿ ತೋಡಿದವು, ಶೇಂಗಾ ಬೆಳೆದವು. ಚುಕ್ಕೆ ಮಾತ್ರ ಚುಕ್ಕೆಯಾಗಿಯೇ ಉಳಿಯಿತು. 2016ರಲ್ಲಿ ಆಂಧ್ರಪ್ರದೇಶದಲ್ಲಿ ಇಂಥ ನೆಲಗಳು ನೋಂದಣಿ ನಿಷೇಧದ ಪಟ್ಟಿಗೆ ಸೇರಿದಾಗ, ಮಗಳ ಮದುವೆಗೆಂದು ಅರ್ಧ ಎಕರೆ ಮಾರಹೋದವರಿಗೂ ದಾರಿ ಮುಚ್ಚಿತು. 2017ರಲ್ಲಿ ಇದಕ್ಕೆಂದೇ ಕಾನೂನು ಬಂತು. ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ಸ್ವಾಧೀನದಲ್ಲಿರುವವರ ದಾಖಲೆ ನೋಡಿ ರಿಜಿಸ್ಟರು ತಿದ್ದಲು ಅವಕಾಶವಾಯಿತು. ಬ್ರಿಟಿಷರ ಕಾಲದ ಗುಮಾಸ್ತನ ಲೇಖನಿ ಹೇಳದೆ ಬಿಟ್ಟ ಮಾತನ್ನು ತುಂಬಲು ಶಾಸನಸಭೆಯೇ ಕೂರಬೇಕಾಯಿತು.

ಸರಪಳಿ ಈಗ ಮೂಲೆ ಸೇರಿದೆ. 2020ರ ಡಿಸೆಂಬರಿನಲ್ಲಿ ಆಂಧ್ರಪ್ರದೇಶ ಮರುಮೋಜಣಿ ಆರಂಭಿಸಿದಾಗ ಡ್ರೋನ್ ಹಾರಿಸಿ ಅಳೆದರು. ಅದರ ಬೆನ್ನಿಗೆ ತಂದ ಭೂಹಕ್ಕು ಕಾಯಿದೆಗೆ ಜನ ಅಂಜಿದರು, 2024ರಲ್ಲಿ ಅದನ್ನು ರದ್ದು ಮಾಡಲಾಯಿತು. 2022ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿ ಇವೆ. ಕಚೇರಿ ಬದಲಾದರೂ ಹಳೆಯ ಸರ್ವೆ ನಂಬರಿನ ನೆರಳು ಬಿಡುವುದಿಲ್ಲ. ಡ್ರೋನು ಆಕಾಶದಿಂದ ಬದುವನ್ನು ಕಾಣುತ್ತದೆ. ಆ ಬದು ಹಾಕಿದವರು ಯಾರು ಎಂಬುದನ್ನು ನೆಲದ ಮೇಲೆ ನಿಂತವರೇ ಹೇಳಬೇಕು.

ಆದ್ದರಿಂದ ಕೇಳುಗರೆ, ಅಳೆಯುವವರು ಬರುತ್ತಾರೆಂದು ಊರಲ್ಲಿ ಸಾರಿದ ದಿನ ಕೂಲಿಗೆ ಹೋಗದೆ ಹೊಲದಲ್ಲಿ ನಿಲ್ಲಿ. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಪೆಟ್ಟಿಗೆಯಲ್ಲಿರುವ ಹಳೆಯ ಪಟ್ಟಾ, ಕಂದಾಯದ ರಸೀದಿಗಳನ್ನು ಗೆದ್ದಲಿಗೆ ಬಿಡಬೇಡಿ. ಅಡಂಗಲಿನಲ್ಲಿ ನಿಮ್ಮ ಹೆಸರು ಸರಿಯಾಗಿದೆಯೇ ಎಂದು ಓದಬಲ್ಲ ಮಕ್ಕಳಿಂದ ಓದಿಸಿ ಕೇಳಿ. ತೆಲುಗಿನಲ್ಲಿರಲಿ, ಕನ್ನಡದಲ್ಲಿರಲಿ, ಹೆಸರು ಇರಬೇಕಾದ ಕಡೆ ಹೆಸರೇ ಇರಲಿ.