ಬಿಟ್ಟು ಹೋದವರು, ಬಂದು ಸೇರಿದವರು: ದಕ್ಷಿಣ ಬೆಂಗಳೂರಿನ ಸರ್ಕಾರಿ ಶಾಲೆಯ ಕಥೆ

ಯೆಲ್ಲೋ ಲೈನ್ ಮೆಟ್ರೋದಲ್ಲಿ ಕೂತು ಇದನ್ನ ಕೇಳ್ತಿದ್ರೆ ಸ್ವಲ್ಪ ಸ್ಟೇಷನ್ ಹೆಸರುಗಳ ಕಡೆ ಗಮನ ಕೊಡಿ. ಬಿಟಿಎಂ ಲೇಔಟ್ ಅಂತ ಬರುತ್ತಲ್ಲ, ಆ ಮೂರು ಅಕ್ಷರ ಅಂದ್ರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಊರಿನ ಹೆಸರುಗಳು. ಯಡಿಯೂರು, ಸಾರಕ್ಕಿ, ಕತ್ರಿಗುಪ್ಪೆ, ಕದಿರೇನಹಳ್ಳಿ, ಇವೆಲ್ಲ ಕೂಡ ಹಳ್ಳಿಗಳೇ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಆಮೇಲೆ ಒಂದೊಂದೇ ಬಡಾವಣೆ ಬಂದು ಈ ಊರುಗಳನ್ನ ಸುತ್ತಿಕೊಂಡವು. ಆದ್ರೆ ಊರು ಮಾಯ ಆಗಲಿಲ್ಲ. ಅಗಲವಾದ ರಸ್ತೆಯಿಂದ ಒಂದು ಕಿರುದಾರಿಗೆ ತಿರುಗಿದ್ರೆ ಇವತ್ತಿಗೂ ಸಿಗುತ್ತೆ: ಒಂದು ಅಶ್ವತ್ಥಕಟ್ಟೆ, ಒಂದು ಮಾರಮ್ಮನ ಗುಡಿ, ಎಷ್ಟೋ ಕಡೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆ.

ಇವತ್ತಿನ ಎಪಿಸೋಡ್ ಆ ಶಾಲೆಯ ಬಗ್ಗೆ. ಅಲ್ಲಿ ಯಾರು ಓದ್ತಿದ್ರು, ಈಗ ಯಾರು ಓದ್ತಾರೆ, ಮತ್ತೆ "ಸರ್ಕಾರಿ ಶಾಲೇಲಿ ಏನೂ ಕಲಿಸಲ್ಲ ಬಿಡಿ" ಅಂತ ನಾವು ಇಷ್ಟು ಸಲೀಸಾಗಿ ಹೇಳ್ತೀವಲ್ಲ, ಅದು ಎಷ್ಟು ನಿಜ.

ಮೊದಲೇ ಒಂದು ಒಪ್ಪಿಗೆ. ಬಿಟ್ಟು ಹೋದವರ ಪಟ್ಟಿಯಲ್ಲಿ ನಮ್ಮ ಮನೆಯೂ ಇದೆ.

ಅಪ್ಪ 1970ರ ದಶಕದಲ್ಲಿ ಇಂಥದ್ದೇ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವರು. ಅವರ ಪಕ್ಕ ಹೂವು ಮಾರೋರ ಮಗ ಕೂರ್ತಿದ್ದ, ಹಿಂದಿನ ಸಾಲಲ್ಲಿ ಬ್ಯಾಂಕ್ ಗುಮಾಸ್ತರ ಮಗಳು, ಕಿಟಕಿ ಪಕ್ಕ ಹೊಲ ಇದ್ದ ಗೌಡರ ಮನೆ ಹುಡುಗ. ಮೇಷ್ಟ್ರು ಕೂಡ ಅದೇ ಬೀದಿಯವರು. 1982ರಲ್ಲಿ ಗೋಕಾಕ್ ಚಳವಳಿ ಶುರುವಾಗಿ, ಡಾ. ರಾಜ್‌ಕುಮಾರ್ ಅದರ ಮುಂದಾಳತ್ವ ವಹಿಸಿದಾಗ ಅಪ್ಪ ಮೆರವಣಿಗೆಯಲ್ಲಿ ನಡೆದಿದ್ರಂತೆ. ಅದೇ ಅಪ್ಪ 1999ರಲ್ಲಿ ನನ್ನ ಕೈ ಹಿಡಿದು ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದರು. "ನಾನು ಕಷ್ಟಪಟ್ಟಿದ್ದು ಸಾಕು, ನೀನಾದ್ರೂ ಚೆನ್ನಾಗಿರು" ಅನ್ನೋದಷ್ಟೇ ಅವರ ವಾದ. ಅದನ್ನ ತಪ್ಪು ಅನ್ನೋಕೆ ನನಗೆ ಈಗಲೂ ಬಾಯಿ ಬರಲ್ಲ.

ಇಲ್ಲೊಂದು ತಮಾಷೆ ಇದೆ. 1994ರ ಏಪ್ರಿಲ್‌ನಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿತ್ತು: ಒಂದರಿಂದ ನಾಲ್ಕನೇ ತರಗತಿವರೆಗೆ ಪಾಠ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲೇ ಇರಬೇಕು. ಎಷ್ಟೋ ಖಾಸಗಿ ಶಾಲೆಗಳು ಕನ್ನಡ ಮಾಧ್ಯಮಕ್ಕೆ ಅಂತ ಅನುಮತಿ ತಗೊಂಡು ಇಂಗ್ಲಿಷಲ್ಲಿ ಪಾಠ ಮಾಡಿದವು. ನಮ್ಮ ಶಾಲೆಯಲ್ಲೂ ಇನ್‌ಸ್ಪೆಕ್ಷನ್ ಅಂದ್ರೆ ಆ ದಿನ ಬ್ಯಾಗಿನಲ್ಲಿ ಬೇರೆ ಪುಸ್ತಕ ಇರಬೇಕಿತ್ತು. ಯಾಕೆ ಅಂತ ನಮಗೆ ಯಾರೂ ಹೇಳಿರಲಿಲ್ಲ. 2006ರಲ್ಲಿ ಸರ್ಕಾರ ಇಂಥ ಎರಡು ಸಾವಿರದಷ್ಟು ಶಾಲೆಗಳ ಮೇಲೆ ಕ್ರಮಕ್ಕೆ ಹೊರಟಾಗ ದೊಡ್ಡ ಗಲಾಟೆ ಆಯ್ತು. ಕೇಸು ಮೇಲೇರುತ್ತಾ ಹೋಗಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು: ಮಾಧ್ಯಮದ ಆಯ್ಕೆ ಮಗುವಿನದು, ಅದರ ಪರವಾಗಿ ಪೋಷಕರದು, ಸರ್ಕಾರ ಹೇರುವಂತಿಲ್ಲ.

ಅಷ್ಟರಲ್ಲಿ ಇನ್ನೊಂದು ಬಾಗಿಲೂ ತೆರೆದಿತ್ತು. ಶಿಕ್ಷಣ ಹಕ್ಕು ಕಾಯ್ದೆ, ಅಂದ್ರೆ ಆರ್‌ಟಿಇ, ಪಾಸಾಗಿದ್ದು 2009ರಲ್ಲಿ. ಅದರ ಪ್ರಕಾರ ಖಾಸಗಿ ಶಾಲೆಗಳ ಶೇ. 25ರಷ್ಟು ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ. ನಮ್ಮ ರಾಜ್ಯದಲ್ಲಿ ಇದು 2012ರಲ್ಲಿ ಶುರುವಾಯ್ತು. ಉದ್ದೇಶ ಒಳ್ಳೆಯದೇ. ಆದ್ರೆ ಅರ್ಜಿ ಹಾಕೋಕೆ ದಾಖಲೆ ಬೇಕು, ವಿಳಾಸ ಬೇಕು, ಓಡಾಡೋಕೆ ಒಂದು ದಿನದ ಕೂಲಿ ಬಿಡಬೇಕು. ಇಷ್ಟು ಮಾಡಬಲ್ಲ ಬಡವರು ಹೊರಟರು. ಅದೂ ಆಗದವರು ಉಳಿದರು. 2019ರಲ್ಲಿ ಸರ್ಕಾರ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಅಂತು. ಅದೇ ವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರು ಮಾಡಿತು.

ಹಾಗಾದ್ರೆ ಖಾಲಿಯಾದ ಬೆಂಚುಗಳಲ್ಲಿ ಈಗ ಯಾರಿದ್ದಾರೆ? ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರ ಮಕ್ಕಳು. ಗಾರ್ಮೆಂಟ್ಸ್‌ಗೆ ಹೋಗೋ ತಾಯಂದಿರ ಮಕ್ಕಳು. ಮನೆಗೆಲಸದವರ, ಆಟೋ ಓಡಿಸೋರ, ಪೌರಕಾರ್ಮಿಕರ ಮಕ್ಕಳು. ಅಪಾರ್ಟ್‌ಮೆಂಟಿನ ವಾಚ್‌ಮನ್ ಆಗಿ ನೇಪಾಳದಿಂದ ಬಂದವರ ಮಕ್ಕಳು. ಮನೆಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ, ನೇಪಾಳಿ. ತರಗತಿಯಲ್ಲಿ ಕನ್ನಡ.

ಈಗ ಫಲಿತಾಂಶದ ಲೆಕ್ಕಕ್ಕೆ ಬರೋಣ. ಸ್ವಲ್ಪ ನಿಧಾನವಾಗಿ ಕೇಳಿ.

ಆರ್‌ಟಿಇ ಪ್ರಕಾರ ಶಾಲೆಗೇ ಹೋಗದ ಮಗು ಬಂದ್ರೆ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಟಿ.ಸಿ. ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಒಂಬತ್ತು ವರ್ಷದ ಹುಡುಗಿ ನವೆಂಬರ್‌ನಲ್ಲಿ ಬಂದು ನಾಲ್ಕನೇ ಕ್ಲಾಸಲ್ಲಿ ಕೂರ್ತಾಳೆ ಅಂದ್ಕೊಳ್ಳಿ. ಅಕ್ಷರ ಗೊತ್ತಿಲ್ಲ. ಮಾರ್ಚ್ ಹೊತ್ತಿಗೆ ಅವಳು ಸಣ್ಣ ಸಣ್ಣ ವಾಕ್ಯ ಓದೋಕೆ ಕಲಿತರೆ ಅದು ನಿಜಕ್ಕೂ ದೊಡ್ಡ ಸಾಧನೆ. ಆದ್ರೆ ನಾಲ್ಕನೇ ಕ್ಲಾಸಿನ ಪರೀಕ್ಷೆಯಲ್ಲಿ ಅವಳು "ಹಿಂದುಳಿದ ವಿದ್ಯಾರ್ಥಿ", ಶಾಲೆ "ಕಳಪೆ". ಕಟ್ಟಡ ಮುಗಿದು ಅಪ್ಪ ಅಮ್ಮ ಇನ್ನೊಂದು ಸೈಟಿಗೆ ಹೋದ್ರೆ, ಅವಳು ಕಲಿತದ್ದು ಈ ಶಾಲೆಯ ಲೆಕ್ಕಕ್ಕೇ ಬರಲ್ಲ.

ಇನ್ನು ಶಿಕ್ಷಕರ ಸಂಖ್ಯೆ. ಒಂದರಿಂದ ಐದನೇ ತರಗತಿವರೆಗೆ ಒಟ್ಟು 60 ಮಕ್ಕಳವರೆಗೆ ಇದ್ರೆ ಕಾಯ್ದೆ ಕೇಳೋದು ಇಬ್ಬರೇ ಶಿಕ್ಷಕರನ್ನ. ಐದು ಕ್ಲಾಸು, ಇಬ್ಬರು ಮೇಡಂ. ಮಕ್ಕಳು ಕಡಿಮೆಯಾದ ಹಾಗೆ ಶಿಕ್ಷಕರೂ ಕಡಿಮೆ ಆಗ್ತಾರೆ, ಶಿಕ್ಷಕರು ಕಡಿಮೆಯಾದ್ರೆ ಇನ್ನಷ್ಟು ಪೋಷಕರು ಬಿಡ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009ರ ಹೊತ್ತಿಗೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಬಂದ 'ನಲಿ-ಕಲಿ' ಪದ್ಧತಿಯಲ್ಲಿ ಸಣ್ಣ ತರಗತಿಗಳ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲೀತಾರೆ. ಅದು ಒಂದಷ್ಟು ಸಹಾಯ ಮಾಡಿತು. ಆದ್ರೆ ಅದರ ಏಣಿ ಸಣ್ಣ ತರಗತಿಗಳಿಗೇ ಮುಗಿಯುತ್ತೆ.

ಆಮೇಲೆ ಕೋವಿಡ್. 2020ರ ಮಾರ್ಚ್‌ನಲ್ಲಿ ಮುಚ್ಚಿದ ಬಾಗಿಲು ಒಂದರಿಂದ ಐದನೇ ತರಗತಿಯವರಿಗೆ ಮತ್ತೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ಮನೆಗೆ ಒಂದೇ ಫೋನು, ಅದೂ ಅಪ್ಪನ ಜೇಬಲ್ಲಿ. ಅದೇ ಹೊತ್ತಿಗೆ ಫೀಸು ಕಟ್ಟಲಾಗದ ಎಷ್ಟೋ ಮನೆಯವರು ಖಾಸಗಿ ಶಾಲೆ ಬಿಡಿಸಿ ಮಕ್ಕಳನ್ನ ಇಲ್ಲಿಗೆ ತಂದರು. ಬಿಟ್ಟು ಹೋದವರಿಗೂ ಕಷ್ಟಕಾಲದಲ್ಲಿ ಜಾಗ ಕೊಟ್ಟಿದ್ದು ಇದೇ ಶಾಲೆ.

ಹಾಗಂತ ಸರ್ಕಾರಿ ಶಾಲೆಯಲ್ಲಿ ಎಲ್ಲಾ ಸರಿಯಿದೆ ಅಂತ ನಾನು ಹೇಳ್ತಿಲ್ಲ. ಐದನೇ ಕ್ಲಾಸಿನ ಮಗುವಿಗೆ ಭಾಗಾಕಾರ ಬರದಿದ್ರೆ ಅದು ಬರದೇ ಇರೋದೇ, ನೆಪ ಹೇಳಿ ಉಪಯೋಗ ಇಲ್ಲ. ನಾನು ಹೇಳೋದಿಷ್ಟೇ: ಆ ಅಂಕದಲ್ಲಿ ಮೇಷ್ಟ್ರ ಪಾಠ ಎಷ್ಟು, ನಾವು ಬಿಟ್ಟು ಹೋದದ್ದು ಎಷ್ಟು ಅನ್ನೋದನ್ನ ಬೇರೆ ಮಾಡಿ ನೋಡಬೇಕು. ನಮ್ಮಂಥವರು ಶಾಲೆಯಿಂದ ಬರೀ ಮಕ್ಕಳನ್ನ ತಗೊಂಡು ಹೋಗಲಿಲ್ಲ. ನಲ್ಲಿ ಕೆಟ್ಟರೆ ಬಿಇಒ ಆಫೀಸಿಗೆ ಹೋಗಿ ಕೇಳುವ ಧೈರ್ಯವನ್ನೂ ತಗೊಂಡು ಹೋದ್ವಿ. ದಿನಗೂಲಿ ಬಿಟ್ಟು ಬರಲಾಗದ ತಾಯಿ ಆ ಕೆಲಸ ಹೇಗೆ ಮಾಡ್ತಾಳೆ?

ಕೊನೆಗೆ ಒಂದು ಸಂಗತಿ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ನೇಪಾಳದವರು. ಅವರ ಮಗಳು ಪಕ್ಕದ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಹೋದ ತಿಂಗಳು ನನ್ನ ಅಕ್ಕನ ಮಗ ಬಂದಿದ್ದ, ಅವನೂ ಮೂರನೇ ಕ್ಲಾಸೇ, ಖಾಸಗಿ ಶಾಲೆ. ಗೇಟಿಗೆ ಅಂಟಿಸಿದ್ದ ನೀರಿನ ಟ್ಯಾಂಕರ್ ನೋಟಿಸನ್ನ ಅಪ್ಪ ಅವನ ಕೈಲಿ ಓದಿಸೋಕೆ ನೋಡಿದ್ರು. ಅವನು ತಡವರಿಸಿದ. ಆ ಹುಡುಗಿ ಬಂದು ಗಡಗಡ ಓದಿದಳು. ಅಪ್ಪ ಅವಳ ತಲೆ ಸವರಿ, "ಯಾವ ಸ್ಕೂಲಮ್ಮ?" ಅಂದ್ರು. ಅವಳು ಹೇಳಿದ ಹೆಸರು ಅಪ್ಪ ಓದಿದ ಶಾಲೆಯದ್ದೇ.

ನಿಮ್ಮ ಮನೆಯಲ್ಲಿ ಸರ್ಕಾರಿ ಶಾಲೆಗೆ ಕೊನೆಯದಾಗಿ ಹೋದವರು ಯಾರು? ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ ನೋಡಿ. ಆ ಶಾಲೆ ಈಗಲೂ ಇದ್ರೆ ಒಂದು ಸಲ ಹೋಗಿ ಬನ್ನಿ.